ತೊಳೆಯದ ಬಕೆಟ್

ಸ್ವಚ್ಛತೆಯ ವಿಷಯದಲ್ಲಿ ನಾನು ಅರೆಹುಚ್ಚಿ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರೆ. ಧಾರವಾಡದಲ್ಲಿ, ಮಡಿ, ಮೈಲಿಗೆ, ಮುಸುರೆ ಎಂದು ದಿನಕ್ಕೆ ಇಪ್ಪತ್ತು ಸಲ ಕೈ ತೊಳೆಯುವ ಮನೆಯಲ್ಲಿ ಹುಟ್ಟಿ, ಅದಕ್ಕಿಂತ ಒಂದು ಕೈ ಮೇಲಾದ ಮನೆಗೆ ಸೊಸೆಯಾಗಿ ಹೋದವಳು ನಾನು. ಲಂಡನ್ನಿನ ರೇನರ್ಸ್ ಲೇನಿನಲ್ಲಿರುವ ನಮ್ಮ ಮನೆಯ ಅಡುಗೆಕಟ್ಟೆಯ ಮೇಲೆ ಚಹಾದ ಒಂದು ಕಲೆ ಕಂಡರೂ ಯಾರದು ಇದು ಎಂದು ವಿಚಾರಣೆ ಶುರುವಾಗುತ್ತದೆ. ಇಂಥ ನಾನು ಈಗ ಮೂರು ವರ್ಷದಿಂದ ಸಂಬಳ ತೆಗೆದುಕೊಂಡು ಕೊಳೆಯನ್ನು ಸಾಕುತ್ತಿದ್ದೇನೆ. ಅದರಲ್ಲೂ ಒಂದು ಹಳೆಯ ಕಪ್ಪು ಬಕೆಟ್ಟಿನ ಒಳಗಿದ್ದ ಲೋಳೆ ಇಲ್ಲದಿದ್ದರೆ ಇವತ್ತು ನನಗೆ ಆ ಕೆಲಸವೂ ಇರುತ್ತಿರಲಿಲ್ಲ, ಇದನ್ನು ಬರೆಯುವ ಧೈರ್ಯವೂ ಇರುತ್ತಿರಲಿಲ್ಲ.

ಕೆಲಸ ಸಿಕ್ಕ ಕಥೆ ದೊಡ್ಡದೇನಲ್ಲ. ನನ್ನ ಗಂಡ ಇಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯ ಡಾಕ್ಟರು. ಅವರ ಜೊತೆ ಬಂದ ನಾನು ಸೂಕ್ಷ್ಮಜೀವಿ ಶಾಸ್ತ್ರದ ಎಂ.ಎಸ್ಸಿ. ಸರ್ಟಿಫಿಕೇಟನ್ನು ಸೂಟ್‌ಕೇಸಿನ ತಳದಲ್ಲಿಟ್ಟು ಹದಿನಾಲ್ಕು ವರ್ಷ ಮನೆ ನಡೆಸಿದೆ. ಮಗಳಿಗೆ ಹದಿಮೂರು ತುಂಬಿ, ನಾನು ಕೋಣೆಯೊಳಗೆ ಕಾಲಿಟ್ಟರೆ ಅವಳು ಫೋನನ್ನು ಬೋರಲು ಹಾಕುವ ಕಾಲ ಬಂದಾಗ, ಇನ್ನು ನನ್ನ ಕಾವಲು ಇಲ್ಲಿ ಯಾರಿಗೂ ಬೇಕಿಲ್ಲ ಅನ್ನಿಸಿ ಅರ್ಜಿ ಹಾಕತೊಡಗಿದೆ. ಹದಿನಾಲ್ಕು ವರ್ಷದ ಖಾಲಿ ಜಾಗ ನೋಡಿ ಎಲ್ಲರೂ ಬಹಳ ನಯವಾಗಿ ಬೇಡ ಅಂದರು. ಬೇಕು ಅಂದದ್ದು ಫೆಲ್ಥಮ್‌ನ ಒಂದು ಕೈಗಾರಿಕಾ ಬಡಾವಣೆಯ ಹಿಂಬದಿಯಲ್ಲಿದ್ದ, ಇಬ್ಬರೇ ನಡೆಸುತ್ತಿದ್ದ ಒಂದು ಸಣ್ಣ ಘಟಕ. ಆ ಜಾಗಕ್ಕೆ ನನ್ನನ್ನು ಬಿಟ್ಟು ಬೇರೆ ಯಾರೂ ಅರ್ಜಿಯನ್ನೇ ಹಾಕಿರಲಿಲ್ಲ ಎನ್ನುವುದು ಆಮೇಲೆ ಗೊತ್ತಾಯಿತು. ಇರಲಿ, ಸ್ಪರ್ಧೆಯಿಲ್ಲದೆ ಗೆದ್ದರೂ ಗೆದ್ದಂತೆಯೇ.

ನಮ್ಮ ಅಂಗಳದ ಪಕ್ಕಕ್ಕೇ ಪ್ಲೈವುಡ್ಡಿಗೆ ಹಾಕುವ ಅಂಟು ತಯಾರಿಸುವ ಕಾರ್ಖಾನೆ ಇದೆ. ಅದರ ಕೊಳಕು ನೀರು ಪೈಪಿನಲ್ಲಿ ನಮ್ಮಲ್ಲಿಗೆ ಬರುತ್ತದೆ. ಅದರ ತುಂಬ ಫೀನಾಲ್ ಎಂಬ ವಿಷ. ನಮ್ಮ ಕಡೆ ನೆಲ ಒರೆಸುವ ಫಿನೈಲ್ ಗೊತ್ತಲ್ಲ, ಅದೇ ಬಳಗದ ವಾಸನೆ. ಚರ್ಮಕ್ಕೆ ತಾಗಿದರೆ ಸುಡುತ್ತದೆ, ನದಿಗೆ ಸೇರಿದರೆ ಮೀನು ಸಾಯುತ್ತವೆ. ಈ ನೀರು ಮೊದಲು ಸಂಗ್ರಹದ ತೊಟ್ಟಿಯಲ್ಲಿ ನಿಲ್ಲುತ್ತದೆ, ಅಲ್ಲಿಂದ ಎರಡು ಮಹಡಿ ಎತ್ತರದ ಉಕ್ಕಿನ ಟ್ಯಾಂಕಿಗೆ ಹೋಗುತ್ತದೆ. ಆ ಟ್ಯಾಂಕಿಗೆ ಬಯೋರಿಯಾಕ್ಟರ್ ಎಂದು ಹೆಸರು. ಅದರೊಳಗೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ತೇಲಾಡುತ್ತಿರುತ್ತವೆ, ತಳದಿಂದ ಸದಾ ಗಾಳಿ ಊದುತ್ತಿರುತ್ತೇವೆ, ಅವು ಆ ವಿಷವನ್ನು ತಿಂದು ಬದುಕುತ್ತವೆ. ಕ್ರಿಮಿ ಕೊಲ್ಲಲೆಂದು ನಾವು ಯಾವುದನ್ನು ಸುರಿಯುತ್ತೇವೋ ಅದನ್ನೇ ಊಟ ಮಾಡುವ ಕ್ರಿಮಿಗಳು! ಕಾಲೇಜಿನಲ್ಲಿ ಓದಿದ್ದೆ ನಿಜ. ಆದರೆ ಮೊದಲ ದಿನ ಏಣಿ ಹತ್ತಿ, ಕಂದು ಬಣ್ಣದ ಆ ನೀರು ಕೊತಕೊತ ಕುದಿಯುವಂತೆ ಗಾಳಿಗೆ ಉಕ್ಕುವುದನ್ನು ಕಣ್ಣಾರೆ ಕಂಡಾಗ ಮೈ ಜುಮ್ಮೆಂದಿತು. ತಲೆಯ ಮೇಲೆ ಹೀಥ್ರೂಗೆ ಇಳಿಯುವ ವಿಮಾನದ ಹೊಟ್ಟೆ, ಕಾಲ ಕೆಳಗೆ ಈ ಜೀವಗಳು. ನನಗೆ ವಿಮಾನ ಸಣ್ಣದೆನಿಸಿತು.

ಈ ಬ್ಯಾಕ್ಟೀರಿಯಾಗಳನ್ನು ತಯಾರು ಮಾಡಿದ್ದು ಅಲ್ಲಿಯ ಹಿರಿಯ ಆಪರೇಟರ್. ಅರವತ್ತು ದಾಟಿದ್ದ ಆ ಇಂಗ್ಲಿಷ್ ಮುದುಕರಿಗೆ ಡಿಗ್ರಿ ಇಲ್ಲ, ಹೈಸ್ಕೂಲೂ ಅರ್ಧಕ್ಕೆ ಬಿಟ್ಟವರು. ಹೊಳೆಯ ದಂಡೆಯ ಮಣ್ಣಿನಿಂದ ಒಂದಿಷ್ಟು ಜೀವಗಳನ್ನು ತಂದು, ಮೊದಲು ಹನಿ ವಿಷ, ಆಮೇಲೆ ಚಮಚ, ಆಮೇಲೆ ಲೋಟ ಎಂದು ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿದ್ದರಂತೆ. ನನ್ನನ್ನು ಮೊದಲ ದಿನವೇ ‘ಲವ್’ ಎಂದು ಕರೆದರು. ಇಲ್ಲಿ ಬಸ್ ಡ್ರೈವರೂ ತರಕಾರಿಯವಳೂ ಹಾಗೇ ಕರೆಯುತ್ತಾರೆ, ಅದಕ್ಕೆ ಅರ್ಥ ಹುಡುಕಬಾರದು ಎಂದು ಅಷ್ಟು ಹೊತ್ತಿಗೆ ಕಲಿತಿದ್ದೆ. ಮೂರನೆಯವರು ನಮ್ಮ ಮ್ಯಾನೇಜರ್, ನನಗಿಂತ ಹತ್ತು ವರ್ಷ ಚಿಕ್ಕವಳಾದ ಚುರುಕು ಹೆಂಗಸು, ಮಾತು ಕಡಿಮೆ.

ಮುದುಕರಿಗೂ ನನಗೂ ಜಗಳ ಹತ್ತಿದ್ದು ಬಕೆಟ್ಟಿನ ಮೇಲೆ. ಬೆಳಿಗ್ಗೆ ಬಂದ ಕೂಡಲೇ ಅವರು ಒಂದು ಕಪ್ಪು ಬಕೆಟ್ಟಿಗೆ ಹಗ್ಗ ಕಟ್ಟಿ ಸಂಗ್ರಹದ ತೊಟ್ಟಿಗೆ ಇಳಿಬಿಟ್ಟು, ವಿಷದ ನೀರು ಎತ್ತಿ ಬಣ್ಣ ನೋಡಿ, ಒಂದು ಸೀಸೆ ತುಂಬಿಕೊಂಡು, ಉಳಿದದ್ದನ್ನು ವಾಪಸ್ ಸುರಿದು, ಬಕೆಟ್ಟನ್ನು ಹಾಗೇ ಮಾಡಿನ ಕೆಳಗಿನ ಮೊಳೆಗೆ ತೂಗುಹಾಕುತ್ತಿದ್ದರು. ತೊಳೆಯುವುದಿಲ್ಲ! ವರ್ಷಗಟ್ಟಲೆ ತೊಳೆದಿರಲಿಲ್ಲ. ಒಳಗಡೆ ಬೆರಳು ದಪ್ಪದ ಕಂದು ಲೋಳೆ, ತಳದಲ್ಲಿ ಯಾವಾಗಲೂ ಒಂದು ಬಟ್ಟಲಿನಷ್ಟು ನೀರು. ಅದನ್ನು ನೋಡಿದರೆ ನನಗೆ ಊಟ ಸೇರುತ್ತಿರಲಿಲ್ಲ. ಎರಡನೇ ವಾರ ತಡೆಯಲಾರದೆ ಕೈಗವಸು ಹಾಕಿಕೊಂಡು, ಬ್ರಷ್ ಹಿಡಿದು, ಉಜ್ಜಲು ಬಗ್ಗಿದೆ. ಮುದುಕರು ಹಿಂದಿನಿಂದ ಬಂದು ಬ್ರಷ್ಷನ್ನು ಕಿತ್ತುಕೊಂಡರು.

“ಲವ್, ಟ್ಯಾಂಕ್ ನೋಡ್ಕೋ, ಲ್ಯಾಬ್ ನೋಡ್ಕೋ. ನನ್ನ ಬಕೆಟ್ ಮಾತ್ರ ಮುಟ್ಟಬೇಡ.”

“ಯಾಕೆ? ಕಾರಣ ಹೇಳಿ.”

“ಇಲ್ಲೀವರೆಗೂ ಎಲ್ಲಾ ಸರಿಯಾಗಿ ನಡೆದಿದೆ. ಅದೇ ಕಾರಣ.”

ಇದು ಕಾರಣವೇ? ಎಂ.ಎಸ್ಸಿ. ಓದಿದವಳಿಗೆ ಹೇಳುವ ಉತ್ತರವೇ? ನಾನು ಮುಖ ಗಂಟಿಕ್ಕಿಕೊಂಡು ಲ್ಯಾಬಿಗೆ ಹೋದೆ. ಅವತ್ತಿನಿಂದ ಆ ಬಕೆಟ್ಟಿನ ಪಕ್ಕ ಹಾಯುವಾಗ ಸೆರಗು ಇಲ್ಲದಿದ್ದರೂ ಸೆರಗು ಸರಿಸಿಕೊಳ್ಳುವವಳಂತೆ ಓರೆಯಾಗಿ ನಡೆಯುತ್ತಿದ್ದೆ. ಅದಕ್ಕೆ ಮುಸುರೆ ಬಕೆಟ್ ಎಂದು ಹೆಸರಿಟ್ಟೆ. ಮನೆಯಲ್ಲಿ ಅದರ ವರ್ಣನೆ ಮಾಡಿದಾಗ, ಆರು ತಿಂಗಳಿಗೆಂದು ಧಾರವಾಡದಿಂದ ಬಂದಿದ್ದ ನಮ್ಮ ಅತ್ತೆ ಕಿವಿ ಮುಚ್ಚಿಕೊಂಡರು. “ಸಾಕು ಮಾಡವಾ, ಉಣ್ಣೂ ಹೊತ್ತಿನ್ಯಾಗ ಇದೇನ ಮಾತು!” ಮಗಳು ಫೋರ್ಕು ಕೆಳಗಿಟ್ಟು, “ಅಮ್ಮ, ಡಿಸ್‌ಗಸ್ಟಿಂಗ್,” ಎಂದಷ್ಟೇ ಹೇಳಿದಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಂದ ಬರುವುದು ಮಾತ್ರ ಇಂಗ್ಲಿಷ್. ಗೆಳತಿಯರಿಗೆ ಅವಳು ನನ್ನ ಕೆಲಸದ ಬಗ್ಗೆ ‘ಲ್ಯಾಬ್’ ಎಂದು ಹೇಳುತ್ತಿದ್ದಳು. ಸುಳ್ಳು ಅವಳೊಬ್ಬಳದೇ ಅಲ್ಲ. ಕ್ವೀನ್ಸ್‌ಬರಿಯಲ್ಲಿ ಕನ್ನಡದವರೆಲ್ಲ ಸೇರಿದ ದೀಪಾವಳಿ ಊಟದಲ್ಲಿ, ಸುತ್ತ ಬರೀ ಸಾಫ್ಟ್‌ವೇರಿನವರು ಡಾಕ್ಟರುಗಳು ಕೂತಿದ್ದಾಗ, ಒಬ್ಬರು ನೀವೇನು ಮಾಡ್ತೀರಿ ಎಂದು ಕೇಳಿದರು. ನಾನು ‘ವಾಟರ್ ಕ್ವಾಲಿಟಿ’ ಎಂದು ಗಂಭೀರವಾಗಿ ಹೇಳಿ ಪಲ್ಯ ಬಡಿಸಿಕೊಂಡೆ.

ಡಿಸೆಂಬರ್ ಬಂತು. ಕ್ರಿಸ್‌ಮಸ್ಸಿಗೆ ಅಂಟಿನ ಕಾರ್ಖಾನೆ ಎರಡು ವಾರ ಬಾಗಿಲು ಹಾಕುತ್ತದೆ. ಕಾರ್ಖಾನೆ ಮುಚ್ಚಿದರೂ ಟ್ಯಾಂಕಿನ ಜೀವಗಳಿಗೆ ರಜೆಯಿಲ್ಲ, ಯಾರಾದರೂ ದಿನಕ್ಕೊಮ್ಮೆ ಬಂದು ನೋಡಬೇಕು. ನಮಗೇನು ಕ್ರಿಸ್‌ಮಸ್, ನಾನೇ ಬರುತ್ತೇನೆ ಎಂದೆ. ಆರು ತಿಂಗಳ ಪ್ರೊಬೇಷನ್ ಜನವರಿಗೆ ಮುಗಿಯಲಿತ್ತು; ಸ್ವಲ್ಪ ಒಳ್ಳೆಯವಳೆನಿಸಿಕೊಳ್ಳುವ ಆಸೆಯೂ ಇತ್ತು. ಮುದುಕರು ಹೊರಡುವಾಗ ಹೇಳಿದ್ದು ಎರಡೇ ಮಾತು. ಗಾಳಿ ಅರ್ಧಕ್ಕಿಳಿಸು, ತೊಟ್ಟಿಯಲ್ಲಿ ಉಳಿದ ನೀರನ್ನು ಸಣ್ಣ ಪಂಪಿನಲ್ಲಿ ಹನಿಹನಿಯಾಗಿ ಬಿಡುತ್ತಿರು.

ಮೂರನೇ ದಿನ ಏಣಿ ಹತ್ತಿ ನೋಡಿದರೆ ಟ್ಯಾಂಕಿನ ನೀರು ತೆಳ್ಳಗಾಗಿತ್ತು, ಬಣ್ಣ ಕಂದಿತ್ತು. ಹಸಿದಿವೆ, ಪಾಪ. ಊರೆಲ್ಲ ಹಬ್ಬದ ಊಟ ಮಾಡುತ್ತಿರುವಾಗ ಇವಕ್ಕೆ ಹನಿ ವಿಷ ಕೊಟ್ಟು ಕೂರಿಸುವುದು ನನ್ನಿಂದಾಗಲಿಲ್ಲ. ನಮ್ಮಲ್ಲಿ ಮನೆಗೆ ಪತ್ರ ಕೊಡಲು ಬಂದ ಅಂಚೆಯವನನ್ನೂ ಬೆಲ್ಲ ನೀರು ಕೊಡದೆ ಕಳಿಸಿದವರಲ್ಲ. ಸೂಕ್ಷ್ಮಜೀವಿ ಶಾಸ್ತ್ರ ಓದಿದ ತಲೆ ಆ ಹೊತ್ತಿಗೆ ಎಲ್ಲಿ ಹೋಗಿತ್ತೋ ಕಾಣೆ, ಕೆಲಸ ಮಾಡಿದ್ದು ಧಾರವಾಡದ ಸೊಸೆಯ ಕೈ. ಮರುದಿನ ರೇನರ್ಸ್ ಲೇನಿನ ಇಂಡಿಯನ್ ಅಂಗಡಿಯಿಂದ ಚೀಲದ ತುಂಬ ಬೆಲ್ಲದ ಅಚ್ಚುಗಳನ್ನು ಕೊಂಡು ಒಯ್ದು, ಲ್ಯಾಬಿನ ಕೆಟಲ್ಲಿನಲ್ಲಿ ನೀರು ಕಾಸಿ, ಕರಗಿಸಿ, ಟ್ಯಾಂಕಿಗೆ ಸುರಿದೆ. ಹಬ್ಬದ ದಿನಗಳಲ್ಲಿ ವಿಷವೇಕೆ ಎಂದು ಸಣ್ಣ ಪಂಪನ್ನೂ ನಿಲ್ಲಿಸಿದೆ.

ಏನು ಹೇಳಲಿ, ಎರಡೇ ದಿನಕ್ಕೆ ಟ್ಯಾಂಕ್ ತುಂಬಿಕೊಂಡಿತು! ನೀರು ಗಟ್ಟಿ ಕಂದಾಯಿತು, ನೊರೆ ಉಕ್ಕಿತು, ಗಾಳಿ ಸಾಲದಾಯಿತು. ದಿನವೂ ಬೆಲ್ಲ ಒಯ್ದೆ. ಫೋಟೋ ತೆಗೆದು ಗಂಡನಿಗೆ ತೋರಿಸಿದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಹೊಸ ವರ್ಷದ ರಜೆ ಮುಗಿಸಿ ಬಂದ ಮುದುಕರು ಇಣುಕಿ ನೋಡಿ, “ಇಷ್ಟು ಚೆನ್ನಾಗಿ ಯಾವತ್ತೂ ಇರಲಿಲ್ಲ, ಲವ್,” ಎಂದು ಮೆಚ್ಚಿದರು. ಇಷ್ಟು ದಪ್ಪವಾಗಿದ್ದರೆ ತಿಂದು ಹಾಕುತ್ತವೆ ಎಂದು ಕಾರ್ಖಾನೆ ಶುರುವಾದ ದಿನವೇ ಪೂರ್ತಿ ನೀರು ಬಿಟ್ಟರು. ನಾನು ಬೆಲ್ಲದ ಮಾತು ಎತ್ತಲಿಲ್ಲ. ಮುಚ್ಚಿಡಬೇಕೆಂದಲ್ಲ, ಹೊಗಳಿಕೆ ಸಿಹಿಯಾಗಿತ್ತು ಅಷ್ಟೆ.

ಮಾರನೆಯ ಬೆಳಿಗ್ಗೆ ಹೊರಹೋಗುವ ನೀರನ್ನು ಪರೀಕ್ಷೆ ಮಾಡಿದೆ. ನಮ್ಮ ಪರೀಕ್ಷೆ ಸರಳ. ಗಾಜಿನ ನಳಿಗೆಯಲ್ಲಿ ನೀರು ಹಾಕಿ ರಾಸಾಯನಿಕ ಬೆರೆಸಿದರೆ, ವಿಷ ಉಳಿದಿಲ್ಲವಾದರೆ ತಿಳಿ ಹಳದಿ; ಉಳಿದಿದ್ದರೆ ಕೆಂಪು. ಐದು ತಿಂಗಳಲ್ಲಿ ನಾನು ಹಳದಿಯನ್ನು ಬಿಟ್ಟು ಬೇರೇನೂ ಕಂಡಿರಲಿಲ್ಲ. ಅವತ್ತು ನೀರು ಆರತಿ ತಟ್ಟೆಯ ನೀರಿನ ಹಾಗೆ ಕೆಂಪಗೆ ತಿರುಗಿತು. ಎರಡನೇ ಸಲ ಮಾಡಿದೆ, ಮೂರನೇ ಸಲ ಮಾಡಿದೆ. ಮೂರು ಕೆಂಪು ನಳಿಗೆಗಳು ಸಾಲಾಗಿ ನಿಂತವು. ಹೊರಗೆ ಹೋಗಿ ನೋಡಿದರೆ ಟ್ಯಾಂಕಿನ ಮೇಲೆ ಬೂದಿ ಬಣ್ಣದ ನೊರೆ, ಸತ್ತದ್ದರ ವಾಸನೆ.

ಆಗಿದ್ದು ನನಗೆ ಆ ಕ್ಷಣದಲ್ಲೇ ಹೊಳೆಯಿತು. ಬೆಲ್ಲ ಸುರಿದಾಗ ಕೊಬ್ಬಿದ್ದು ಬೆಲ್ಲ ತಿನ್ನುವ ಬ್ಯಾಕ್ಟೀರಿಯಾಗಳು. ಸುಲಭದ ಊಟ ಇದ್ದಾಗ ಅವು ರಾತ್ರಿ ಬೆಳಗಾಗುವುದರೊಳಗೆ ಸಾವಿರಪಟ್ಟು ಆಗುತ್ತವೆ. ನಿಧಾನವಾಗಿ, ಕಷ್ಟದ ಊಟ ತಿಂದು ಬದುಕುವ ನಮ್ಮ ಹಳೆಯ ಜೀವಗಳನ್ನು ಅವು ಮೂಲೆಗೆ ಒತ್ತಿಬಿಟ್ಟವು. ಅಂಥ ಟ್ಯಾಂಕಿಗೆ ಒಂದೇ ಸಲ ವಿಷದ ನೀರು ಬಿದ್ದಾಗ ಕೊಬ್ಬಿದವೂ ಸತ್ತವು, ಮೂಲೆಯಲ್ಲಿದ್ದವೂ ಸತ್ತವು. ಮುದುಕರು ತಿಂಗಳುಗಟ್ಟಲೆ ಕಲಿಸಿದ್ದನ್ನು ನಾನು ಹನ್ನೆರಡು ದಿನದಲ್ಲಿ ಬೆಲ್ಲ ತಿನ್ನಿಸಿ ಮರೆಸಿದ್ದೆ.

ಮ್ಯಾನೇಜರ್ ಬಂದು ಹೊರಹೋಗುವ ಕೊಳವೆ ಮುಚ್ಚಿಸಿದಳು. ಇನ್ನು ಬರುವ ನೀರೆಲ್ಲ ಸಂಗ್ರಹದ ತೊಟ್ಟಿಯಲ್ಲೇ ನಿಲ್ಲಬೇಕು. ಕಾರ್ಖಾನೆ ಪೂರ್ತಿ ನಡೆದರೆ ತೊಟ್ಟಿ ಒಂದು ವಾರಕ್ಕೆ ತುಂಬುತ್ತದೆ. ತುಂಬಿದರೆ ನೀರನ್ನು ಟ್ಯಾಂಕರಿನಲ್ಲಿ ದೂರ ಸಾಗಿಸಿ ಸುಡಿಸಬೇಕು, ಹಾಗೆ ಒಮ್ಮೆ ಶುರುವಾದರೆ ಕಾರ್ಖಾನೆಯವರಿಗೆ ನಮ್ಮ ಬ್ಯಾಕ್ಟೀರಿಯಾಗಳ ಹಂಗೇ ಬೇಕಿಲ್ಲ. ಘಟಕವನ್ನೇ ಮುಚ್ಚುತ್ತಾರೆ ಎಂದು ಅವಳು ನೇರವಾಗಿ ಹೇಳಿದಳು. ಅವಳ ಅನುಮಾನ ಕಾರ್ಖಾನೆಯವರ ಮೇಲೆ. ರಜೆಯಲ್ಲಿ ಪಾತ್ರೆಗಳನ್ನು ತೊಳೆಯಲು ಬೇರೇನೋ ರಾಸಾಯನಿಕ ಬಳಸಿ ನಮಗೆ ಹೇಳದೆ ಬಿಟ್ಟಿದ್ದಾರೆ ಎಂದು ಖಾರವಾದ ಪತ್ರ ಬರೆಯಲು ಕೂತಳು. ಮುದುಕರು ಟ್ಯಾಂಕಿನ ಕಟಕಟೆ ಹಿಡಿದು ನಿಂತಿದ್ದರು. ನನ್ನ ನಾಲಿಗೆ ಮೇಲೆ ಬೆಲ್ಲದ ಮಾತು ಬಂದು ಕೂತಿತ್ತು, ಆಚೆ ಬರಲಿಲ್ಲ. ಅವತ್ತು ಸಂಜೆ ಹೇಡಿಯ ಹಾಗೆ ಬ್ಯಾಗು ಎತ್ತಿಕೊಂಡು ಬಸ್ಸು ಹಿಡಿದೆ.

ಊಟಕ್ಕೆ ಕೂತಾಗ ಮನೆಯವರಿಗೆ ಎಲ್ಲ ಹೇಳಿದೆ. ಗಂಡ ತುತ್ತು ನಿಲ್ಲಿಸಿ ಕೇಳಿದರು.

“ಪತ್ರ ಹೋಗೇದೇನು?”

“ಇಲ್ಲ. ನಾಳೆ ಕಳಸ್ತಾಳ.”

“ಹಂಗಾರ ನೀ ಸುಮ್ಮನಿರು. ಪ್ರೊಬೇಷನ್ ಮುಗೀಲಿಕ್ಕೆ ಇನ್ನೂ ಮೂರು ವಾರ ಅದ. ಯಾರಿಗೂ ಗೊತ್ತಾಗೂದಿಲ್ಲ.”

ಅತ್ತೆಗೆ ಬೇರೆಯೇ ಚಿಂತೆ. “ಬೆಲ್ಲ ತಿಂದು ಯಾರರೆ ಸಾಯ್ತಾರೇನವಾ? ಬೆಲ್ಲದಾಗ ಏನೋ ಕಲಬೆರಕೆ ಇರಬೇಕು.”

“ನನ್ನ ಕ್ಲಿನಿಕ್ಕಿಗೆ ಬಾ ಅವ್ವಾ, ಬೆಲ್ಲ ತಿಂದು ಏನಾಗ್ತದ ಅಂತ ಸಾಲಾಗಿ ಕೂಡಿಸಿ ತೋರಸ್ತೀನಿ,” ಎಂದರು ಮಗರಾಯರು.

ಎಲ್ಲರೂ ನಕ್ಕರು, ನನಗೂ ನಗು ಬಂತು, ನಗುತ್ತ ನಗುತ್ತ ಅಳು ಬಂತು. ಮಗಳು ನನ್ನನ್ನೇ ನೋಡುತ್ತಿದ್ದಳು. ಅವಳು ಏಳನೇ ತರಗತಿಯಲ್ಲಿ ಗೆಳತಿಯ ಬಣ್ಣದ ಡಬ್ಬಿ ಒಡೆದು ಬೇರೊಬ್ಬಳ ಮೇಲೆ ಹಾಕಿದ್ದಾಗ, ಕೈ ಹಿಡಿದು ಶಾಲೆಗೆ ಎಳೆದುಕೊಂಡು ಹೋಗಿ ಕ್ಷಮೆ ಕೇಳಿಸಿದವಳು ನಾನು. ಅವಳು ಅದನ್ನು ನೆನಪಿಸಲಿಲ್ಲ. ನೆನಪಿಸಬೇಕಾದ ಅಗತ್ಯವೂ ಇರಲಿಲ್ಲ. ಅವಳ ಕಣ್ಣು ನನ್ನ ಮೇಲಿತ್ತು, ಅಷ್ಟು ಸಾಕಾಗಿತ್ತು.

ಬೆಳಿಗ್ಗೆ ಕೋಟನ್ನೂ ಬಿಚ್ಚದೆ ಮ್ಯಾನೇಜರಳ ಮೇಜಿನ ಮುಂದೆ ನಿಂತೆ. ಮುದುಕರೂ ಅಲ್ಲೇ ಚಹಾ ಕುಡಿಯುತ್ತಿದ್ದರು. “ಪತ್ರ ಕಳಿಸಬೇಡಿ. ತಪ್ಪು ಕಾರ್ಖಾನೆಯದಲ್ಲ, ನನ್ನದು,” ಎಂದು ಶುರುಮಾಡಿ, ಬೆಲ್ಲದಿಂದ ಹಿಡಿದು ಪಂಪು ನಿಲ್ಲಿಸಿದವರೆಗೂ ಒಂದೇ ಉಸಿರಿಗೆ ಹೇಳಿದೆ. ಚೀಲದಲ್ಲಿ ಉಳಿದಿದ್ದ ಒಂದು ಅಚ್ಚನ್ನೂ ಸಾಕ್ಷಿಗೆಂದು ಮೇಜಿನ ಮೇಲಿಟ್ಟೆ. ಮ್ಯಾನೇಜರ್ ನನ್ನನ್ನೂ ಬೆಲ್ಲವನ್ನೂ ನೋಡಿದಳು. ಆಮೇಲೆ ಕಂಪ್ಯೂಟರಿನ ಕಡೆ ತಿರುಗಿ ಪತ್ರವನ್ನು ಅಳಿಸಿದಳು.

“ನಿನ್ನ ಕೆಲಸದ ಮಾತು ಆಮೇಲೆ. ಮೊದಲು ಟ್ಯಾಂಕ್ ಸರಿಮಾಡೋ ದಾರಿ ಹೇಳು.”

ಮುದುಕರು ಒಂದು ಚೂರು ಬೆಲ್ಲ ಮುರಿದು ಬಾಯಿಗೆ ಹಾಕಿಕೊಂಡರು. ಬೈಯುತ್ತಾರೆ ಎಂದು ಕಾದೆ. ಅವರು ಅದನ್ನು ಚೀಪಿ ಮುಗಿಸಿ, “ಅವುಗಳನ್ನ ದೂರೋ ಹಾಗಿಲ್ಲ, ಲವ್. ನಾನಾಗಿದ್ದರೂ ವಿಷ ಬಿಟ್ಟು ಇದನ್ನೇ ತಿಂತಿದ್ದೆ,” ಎಂದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಬೇಸಿಗೆಗೆ ಅವರು ನಿವೃತ್ತರಾಗಲಿದ್ದರು, ಆ ಟ್ಯಾಂಕ್ ಬಿಟ್ಟು ಹಿಂದೆ ಬಿಡುವಂಥದ್ದು ಅವರಲ್ಲಿ ಬೇರೇನೂ ಇರಲಿಲ್ಲ.

ದಾರಿ ಎಲ್ಲಿದೆ? ಮತ್ತೆ ಹೊಳೆಯ ಮಣ್ಣಿನಿಂದ ಶುರುಮಾಡಿದರೆ ತಿಂಗಳುಗಳು ಬೇಕು. ಇದೇ ವಿಷ ತಿಂದು ಗೊತ್ತಿರುವ, ಬೆಲ್ಲದ ರುಚಿ ಗೊತ್ತಿಲ್ಲದ ಜೀವ ಎಲ್ಲಾದರೂ ಒಂದು ಚಿಟಿಕೆ ಉಳಿದಿರಬೇಕು. ಟ್ಯಾಂಕಿನ ಗೋಡೆ, ಕೊಳವೆ, ಪಂಪು, ಎಲ್ಲ ಕೆರೆದು ಸೂಕ್ಷ್ಮದರ್ಶಕದಲ್ಲಿಟ್ಟೆ. ಎಲ್ಲ ಕಡೆ ಬೆಲ್ಲದ ನೀರು ಹೋಗಿತ್ತು, ಎಲ್ಲ ಕಡೆ ಹೆಣ. ಮಧ್ಯಾಹ್ನ ಸೋತು ಹೊರಗೆ ಬಂದು ಅಂಗಳದಲ್ಲಿ ನಿಂತೆ. ಅಭ್ಯಾಸದಂತೆ ಓರೆಯಾಗಿ ನಡೆಯುವಾಗ ಭುಜಕ್ಕೆ ತಗುಲುವಷ್ಟು ಹತ್ತಿರದಲ್ಲಿ ಮುಸುರೆ ಬಕೆಟ್ ತೂಗುತ್ತಿತ್ತು.

ಕಾಲು ನೆಲಕ್ಕೆ ಅಂಟಿತು. ವರ್ಷಗಟ್ಟಲೆ ದಿನಾ ಬೆಳಿಗ್ಗೆ ಆ ತೊಟ್ಟಿಯ ವಿಷದಲ್ಲಿ ಮುಳುಗಿ ಎದ್ದ ಬಕೆಟ್. ಅದರ ಲೋಳೆಗೆ ಆ ನೀರು ಬಿಟ್ಟು ಬೇರೆ ಊಟ ಯಾರೂ ಹಾಕಿಲ್ಲ. ಟ್ಯಾಂಕಿನ ಹತ್ತಿರ ಅದನ್ನು ಒಯ್ದೂ ಇಲ್ಲ. ತೊಟ್ಟಿಯೊಳಗೆ ಇಲ್ಲದ ಗಾಳಿಯೂ ಮೊಳೆಗೆ ತೂಗುವ ಅದಕ್ಕೆ ದಿನವೆಲ್ಲ ಸಿಗುತ್ತಿತ್ತು. ತಳದಲ್ಲಿ ಬಟ್ಟಲಿನಷ್ಟು ನೀರು ಈಗಲೂ ಇತ್ತು. ನಾನು ಕಣ್ಣಿಗೆ ಕನ್ನಡಕ ಏರಿಸಿ, ಕೈಗವಸು ಹಾಕಿ, ಒಂದು ಚಮಚ ಲೋಳೆಯನ್ನು ಕೆರೆದೆ. ಸೂಕ್ಷ್ಮದರ್ಶಕದ ಕೆಳಗೆ ಸಣ್ಣ ಕಡ್ಡಿಗಳಂಥ ಜೀವಗಳು ಸರಸರ ಈಜುತ್ತಿದ್ದವು.

ಓಡಿಹೋಗಿ ಮುದುಕರ ತೋಳು ಹಿಡಿದು ಎಳೆದುಕೊಂಡು ಬಂದೆ. ಅವರು ಕಣ್ಣಿಟ್ಟು ನೋಡಿ, ತಲೆ ಎತ್ತಿ, “ಇದು ನನ್ನ ಬಕೆಟ್ಟಾ?” ಎಂದರು. ಆ ಮುಖ ನಾನು ಸಾಯುವವರೆಗೂ ಮರೆಯುವುದಿಲ್ಲ. ಬಕೆಟ್ ತೊಳೆಯದೆ ಇಟ್ಟದ್ದಕ್ಕೊಂದು ವೈಜ್ಞಾನಿಕ ಕಾರಣವಿದೆ ಎಂದು ಅವರಿಗೂ ಅವತ್ತೇ ಗೊತ್ತಾಗಿದ್ದು. ಆಗಸ್ಟಿನಲ್ಲಿ ನನ್ನ ಕೈಗೆ ಬ್ರಷ್ ಬಿಟ್ಟಿದ್ದರೆ ನಾವಿಬ್ಬರೂ ಮನೆಗೆ ಹೋಗಬೇಕಿತ್ತು.

ಮುಂದಿನದು ಶುದ್ಧ ದುಡಿಮೆ, ಅದನ್ನು ನೆನೆದರೆ ಈಗಲೂ ನನಗೆ ಎದೆ ಉಬ್ಬುತ್ತದೆ. ಗಾಜಿನ ಬುರುಡೆಗಳಲ್ಲಿ ತೊಟ್ಟಿಯ ನೀರನ್ನು ತೆಳು ಮಾಡಿ ಹಾಕಿ, ಲೋಳೆ ಬಿತ್ತಿ, ಗಾಳಿ ಕೊಟ್ಟೆ. ಲ್ಯಾಬಿನಲ್ಲಿ ಸಣ್ಣ ಗಾಳಿಯ ಪಂಪು ಸಾಲಲಿಲ್ಲ. ಮನೆಯಲ್ಲಿ ಅದನ್ನು ಹೇಳಿಕೊಂಡಾಗ ಮಗಳು ಎದ್ದು ಹೋಗಿ, ಮೀನು ಸತ್ತಮೇಲೆ ಕಪಾಟಿನಲ್ಲಿಟ್ಟಿದ್ದ ತನ್ನ ಅಕ್ವೇರಿಯಮ್ಮಿನ ಪಂಪನ್ನು ತಂದು ಮೇಜಿನ ಮೇಲಿಟ್ಟಳು. ಶನಿವಾರ ತಾನೂ ಬರುತ್ತೇನೆ ಎಂದು ಬಂದಳು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡೇ ಕೂತಳು, ಆದರೆ ಕೂತಳು. ಗಂಟೆಗೊಮ್ಮೆ ನಳಿಗೆಯ ಬಣ್ಣ ನೋಡಿ ಬರೆದುಕೊಳ್ಳುವ ಕೆಲಸ ಅವಳಿಗೆ ಕೊಟ್ಟೆ. ಕೆಂಪು, ಕೆಂಪು, ಕೆಂಪು. ಊಟದ ಹೊತ್ತಿಗೆ ಕಿತ್ತಳೆ. ಸಂಜೆ ನಾಲ್ಕಕ್ಕೆ ಅವಳು ಕೂಗಿದ್ದು ಪಕ್ಕದ ಕಾರ್ಖಾನೆಗೂ ಕೇಳಿರಬೇಕು. “ಅಮ್ಮ! ಯೆಲ್ಲೋ!”

ಬುರುಡೆಯಿಂದ ಡ್ರಮ್ಮಿಗೆ, ಡ್ರಮ್ಮಿನಿಂದ ದೊಡ್ಡ ಚೌಕದ ತೊಟ್ಟಿಗೆ, ಅಲ್ಲಿಂದ ಸತ್ತ ಕೆಸರನ್ನು ತೆಗೆದು ತೊಳೆದ ಟ್ಯಾಂಕಿಗೆ. ಮುದುಕರು ಕೈಗೆ ಬಂದಷ್ಟು ಹಾಕುತ್ತಿದ್ದರು, ನಾನು ಅಳೆದು ಲೆಕ್ಕ ಹೇಳುತ್ತಿದ್ದೆ, ಇಬ್ಬರದೂ ಹೊಂದಿಬರುತ್ತಿತ್ತು. ಮ್ಯಾನೇಜರ್ ಕಾರ್ಖಾನೆಯವರ ಬಳಿ ಹೋಗಿ, ತಪ್ಪು ನಮ್ಮದೆಂದು ಒಪ್ಪಿಕೊಂಡು, ಕೆಲವು ದಿನ ಅರ್ಧ ಪಾಳಿ ನಡೆಸಿ ಎಂದು ಕೇಳಿಕೊಂಡಳು. ಆ ಖಾರದ ಪತ್ರ ಹೋಗಿದ್ದರೆ ಅವರು ಬಾಗಿಲೂ ತೆಗೆಯುತ್ತಿರಲಿಲ್ಲ ಎಂದು ಅವಳೇ ಆಮೇಲೆ ಹೇಳಿದಳು. ಅರ್ಧ ಪಾಳಿಯಿಂದ ನಮಗೆ ಒಂದು ವಾರದ ಬದಲು ಎರಡು ವಾರ ಸಿಕ್ಕಿತು. ಹನ್ನೊಂದನೇ ದಿನ, ತೊಟ್ಟಿಯ ಬಾಯಿಗೆ ಮೊಳದಷ್ಟು ಜಾಗ ಉಳಿದಿದ್ದಾಗ, ಟ್ಯಾಂಕಿನ ನೀರು ನನ್ನ ಕೈಯಲ್ಲಿ ತಿಳಿ ಹಳದಿಗೆ ತಿರುಗಿತು. ಮುದುಕರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ನಾನು ಮಾತ್ರ ಜೋರಾಗಿಯೇ ಅತ್ತುಬಿಟ್ಟೆ. ಜನವರಿ ಕೊನೆಗೆ ಮ್ಯಾನೇಜರ್ ಕೆಲಸ ಖಾಯಂ ಆದ ಕಾಗದವನ್ನು ನನ್ನ ಮುಂದೆ ತಳ್ಳಿ, ಪಕ್ಕದಲ್ಲಿ ಆ ಉಳಿದ ಬೆಲ್ಲದ ಅಚ್ಚನ್ನೂ ಇಟ್ಟಳು. “ಇದನ್ನ ಮನೆಗೆ ತಗೊಂಡು ಹೋಗು.”

ಯುಗಾದಿ ಊಟಕ್ಕೆ ಕ್ವೀನ್ಸ್‌ಬರಿಯಲ್ಲಿ ಮತ್ತೆ ಎಲ್ಲ ಸೇರಿದ್ದೆವು. ಬೆಂಗಳೂರಿನ ಹೊಸ ಮುಖವೊಂದು ನೀವೇನು ಮಾಡ್ತಿದ್ದೀರ ಎಂದು ಕೇಳಿತು. “ವಿಷ ತಿನ್ನೋ ಬ್ಯಾಕ್ಟೀರಿಯಾ ಸಾಕ್ತೀನಿ,” ಎಂದೆ, ಪಂಕ್ತಿಯ ಕೊನೆಗೂ ಕೇಳುವಷ್ಟು ಗಟ್ಟಿಯಾಗಿ. ಅವರು ತಮ್ಮ ಎಲೆಯನ್ನು ಸ್ವಲ್ಪ ಆಚೆ ಸರಿಸಿಕೊಂಡರು. ನನಗೆ ಬೇಜಾರಾಗಲಿಲ್ಲ. ಅವರ ಮನೆಯ ಪ್ಲೈವುಡ್ ಕಪಾಟಿನ ಪಾಪವನ್ನು ತೊಳೆಯುವವಳು ನಾನು, ಅವರಿಗದು ಗೊತ್ತಿಲ್ಲ.

ಜೂನಿನಲ್ಲಿ ಮುದುಕರು ನಿವೃತ್ತರಾದರು. ಅವತ್ತು ಮನೆಯವರನ್ನೆಲ್ಲ ಕರೆತರಲು ಮ್ಯಾನೇಜರ್ ಹೇಳಿದ್ದಳು. ಗಂಡ ರಜೆ ಹಾಕಿ ಬಂದರು. ಊರಿಗೆ ಹೋಗಿ ಬೇಸಿಗೆಗೆ ಮತ್ತೆ ಬಂದಿದ್ದ ಅತ್ತೆ ರೇಷ್ಮೆ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಬಂದರು. ಮಗಳು ಇಬ್ಬರು ಗೆಳತಿಯರನ್ನು ಕರೆತಂದಿದ್ದಳು, ನಾನು ಕೇಳಿರಲಿಲ್ಲ. ಕೇಕು ಕತ್ತರಿಸಿದ ಮೇಲೆ ಮುದುಕರು ಮೊಳೆಯಿಂದ ಬಕೆಟ್ ತೆಗೆದು, ಹಗ್ಗದ ಸಮೇತ, ಎಲ್ಲರೆದುರು ನನ್ನ ಕೈಗೆ ಕೊಟ್ಟರು. ಭಾಷಣ ಮಾಡಲಿಲ್ಲ. ನಾನೂ ಮಾಡಲಿಲ್ಲ. ಅದನ್ನು ಮತ್ತೆ ಅದೇ ಮೊಳೆಗೆ ತೂಗುಹಾಕಿ, ಎಲ್ಲರಿಗೂ ಟ್ಯಾಂಕ್ ತೋರಿಸಲು ಏಣಿಯ ಹತ್ತಿರ ಹೋದೆ.

ಹಿಂತಿರುಗಿ ನೋಡಿದರೆ ಅತ್ತೆ ಮಾಡಿನ ಕೆಳಗೇ ನಿಂತುಬಿಟ್ಟಿದ್ದರು. ಕಣ್ಣು ಬಕೆಟ್ಟಿನ ಮೇಲೆ. ಮೂಗಿಗೆ ಸೆರಗು. ಇನ್ನೊಂದು ಕೈ ಪಕ್ಕದ ನಲ್ಲಿಯ ಕಟ್ಟೆಯ ಮೇಲಿದ್ದ ಬ್ರಷ್ಷಿನ ಕಡೆಗೆ ಚಾಚುತ್ತಿತ್ತು. ಆ ಕೈಯನ್ನು ನಾನು ಬಲ್ಲೆ, ಅದು ನನ್ನದೇ ಕೈ. ಬಾಯಿ ತೆರೆದೆ, ಆದರೆ ನನಗಿಂತ ಮೊದಲು ಮಗಳು ಓಡಿದಳು. ಗೆಳತಿಯರ ಎದುರಿಗೇ ಬಕೆಟ್ಟಿಗೂ ಅಜ್ಜಿಗೂ ನಡುವೆ ಕೈ ಅಗಲಿಸಿ ನಿಂತು, ಹುಟ್ಟಿದಾಗಿನಿಂದ ನನ್ನೊಡನೆ ಎರಡು ಪದ ಕೂಡಿಸಿ ಕನ್ನಡ ಆಡದವಳು, ಗಟ್ಟಿಯಾಗಿ ಹೇಳಿದಳು:

“ಅಜ್ಜಿ, ಮುಟ್ಟಬ್ಯಾಡ್ರಿ! ಅದು ನಮ್ಮಮ್ಮನ ಮಡಿ ಬಕೆಟ್!”